ಸುಣ್ಣ ಹಚ್ಚಿ, ಜನ ಕೂರಿಸಿ, ಟೈರು ಹಾಕುವ ಪುಟ್ಟಲಿಂಗಯ್ಯ

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷ ಬಾಕಿ. ದೊಡ್ಡಆಲಹಳ್ಳಿ ಕಡೆಯಿಂದ ಕನಕಪುರಕ್ಕೆ ಹೋಗುವ ರಸ್ತೆಯಲ್ಲಿ, ಬಸ್ ಸ್ಟಾಪಿಗೆ ಒತ್ತಿಕೊಂಡಿರುವ ತಗಡಿನ ಅಂಗಡಿಯ ಮುಂದೆ, ಪುಟ್ಟಲಿಂಗಯ್ಯ ಒಂದು ಹಳೆಯ ಜೀಪಿನ ಮಡ್‌ಗಾರ್ಡಿನೊಳಗೆ ತಲೆ ತೂರಿಸಿಕೊಂಡು ಸುಣ್ಣ ಬಳಿಯುತ್ತಿದ್ದಾರೆ. ಎಲೆಅಡಿಕೆಗೆ ಹಾಕಿಕೊಳ್ಳುವ ಸುಣ್ಣವೇ. ಡಬ್ಬಿಯಿಂದ ಬೆರಳಲ್ಲಿ ತೆಗೆದು ಮಡ್‌ಗಾರ್ಡಿನ ಒಳಮೈಗೆ, ಸ್ಪ್ರಿಂಗ್ ಪ್ಲೇಟಿನ ಅಂಚಿಗೆ, ಬ್ರೇಕ್ ಪೈಪಿಗೆ, ಚಕ್ರದ ಹಿಂದಿನ ತಗಡಿಗೆ ಒಂದೊಂದು ಗೆರೆ ಎಳೆಯುತ್ತಾರೆ. ಹಬ್ಬಕ್ಕೆ ಮನೆ ಬಳಿಯುವವರಿಗೂ ಇಷ್ಟು ನಾಜೂಕು ಇರಲಾರದು.

ಮುಗಿಸಿ ಏಳುವಾಗ ಮಂಡಿ ಲಟಕ್ಕೆನ್ನುತ್ತದೆ. ಒಂದು ಕೈ ಬಂಪರಿಗೆ, ಇನ್ನೊಂದು ಸೊಂಟಕ್ಕೆ. ‘ಉಸ್ಸಪ್ಪಾ’ ಎಂದು ನಿಂತು ಬಸ್ ಸ್ಟಾಪಿನ ಕಡೆ ತಿರುಗಿ ಕೂಗುತ್ತಾರೆ: “ಬನ್ರವ್ವಾ, ಒಸಿ ಕೂತು ಎದ್ದೋಗಿ! ಹತ್ತು ಜನ ಸಾಕು!”

ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿ ಬಸ್ಸಿಗೆ ಕಾಯುತ್ತಿದ್ದ ಹೆಣ್ಣುಮಕ್ಕಳು ಬ್ಯಾಗು, ಟಿಫನ್ ಡಬ್ಬಿ ಸಮೇತ ಎದ್ದು ಬರುತ್ತಾರೆ. ಅವರಿಗೆ ಇದು ಹೊಸದಲ್ಲ. ಪಕ್ಕದ ಟೀ ಅಂಗಡಿಯ ಬಾಬಾಜಾನ್ ಒಲೆ ಮುಂದಿನಿಂದಲೇ ರೇಗಿಸುತ್ತಾರೆ: “ಹತ್ತಿ ಹತ್ತಿ, ದಿಬ್ಬಣ ಹೊರಡ್ತಾ ಐತೆ!” ಹೊಲಿಗೆ ಮಿಷನ್ ಮೇಲೆ ದಿನಕ್ಕೆ ಎಂಟು ಗಂಟೆ ಕೂರುವ ದಿವ್ಯ ಎಂಬ ಹುಡುಗಿ, “ನಮ್ಗೆ ಇದೇ ಟೂರು ಕಣಣ್ಣ. ಹತ್ತೋದು, ಎಲ್ಲಿಗೂ ಹೋಗ್ದೆ ಇಳಿಯೋದು” ಎನ್ನುತ್ತಾ ಹಿಂದಿನ ಸೀಟಿಗೆ ಜರುಗುತ್ತಾಳೆ.

ಜೀಪಿನಲ್ಲಿ ಇಬ್ಬರು ಮೊದಲೇ ಕೂತಿದ್ದಾರೆ. ಸ್ಟಿಯರಿಂಗ್ ಹಿಡಿದಿರುವವನು ತಿಮ್ಮೇಶ, ಜೀಪಿನ ಒಡೆಯ, ಕಾಡಂಚಿನ ತೊರೆದೊಡ್ಡಿಯವನು. ಅವನ ಪಕ್ಕ, ಊದಿದ ಕಾಲನ್ನು ಮುಂದಕ್ಕೆ ಚಾಚಿಕೊಂಡು ಕಂಬಳಿ ಹೊದ್ದಿರುವವರು ಅದೇ ಊರಿನ ಚಿನ್ನಮ್ಮ. ಅವರ ಮೂತ್ರಪಿಂಡ ಎರಡೂ ಕೈಕೊಟ್ಟು ಮೂರು ವರ್ಷವಾಯಿತು. ವಾರಕ್ಕೆರಡು ಸಲ ಕನಕಪುರದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಲೇಬೇಕು. ಇವತ್ತಿನ ಸರದಿ ಎಂಟೂವರೆಗೆ.

“ತಿರುಗ್ಸ್ಲಾ ಪೂರ್ತಿ, ಎಡಕ್ಕೆ” ಎಂದು ಹೇಳಿ ಪುಟ್ಟಲಿಂಗಯ್ಯ ಮತ್ತೆ ನೆಲಕ್ಕೆ ಒರಗುತ್ತಾರೆ. ಹನ್ನೆರಡು ಜನರ ಭಾರಕ್ಕೆ ಜೀಪು ಕುಸಿದು ಕೂತಿದೆ. ಸ್ಟಿಯರಿಂಗ್ ತುದಿ ಮುಟ್ಟುತ್ತದೆ. ಗಾಡಿ ಒಂದು ಮಾರು ಮುಂದೆ, ಒಂದು ಮಾರು ಹಿಂದೆ. ಆಮೇಲೆ ಬಲಕ್ಕೆ. ಟಾರ್ಚ್ ಬಿಟ್ಟು ನೋಡಿದರೆ ಮಡ್‌ಗಾರ್ಡಿನ ಒಳಗಿನ ಸುಣ್ಣದ ಗೆರೆ ಟೈರು ತಾಕಿ ಅರ್ಧ ಒರೆಸಿಹೋಗಿದೆ.

“ಬ್ಯಾಡ. ಬಿಚ್ಚಾಣ” ಎನ್ನುತ್ತಾರೆ.

ತಿಮ್ಮೇಶನಿಗೆ ರೇಗುತ್ತದೆ. “ಯಾಕ್ ಬ್ಯಾಡ? ಬರೀ ಗಾಡೀಲಿ ತಿರುಗ್ಸುದ್ನಲ್ಲ ಪುಟ್ಲಿಂಗಣ್ಣ, ಎಲ್ಲೂ ತಾಕ್ನಿಲ್ಲ!”

“ಬರೀ ಗಾಡೀಲಿ ನಿಮ್ಮೂರೋರು ಯಾರು ಬತ್ತಾರ್ಲಾ?”

ಪುಟ್ಟಲಿಂಗಯ್ಯನವರ ಕಸುಬಿನ ಒಟ್ಟು ಬುದ್ಧಿ ಈ ಪ್ರಶ್ನೆಯಲ್ಲೇ ಇದೆ.

ವಯಸ್ಸು ಐವತ್ತೊಂಬತ್ತು. ಟೈರು ಬಿಚ್ಚಿ ಹಾಕುವ ಕೆಲಸಕ್ಕೆ ಮೂವತ್ತೆರಡು ವರ್ಷ. ಕುರಿ ಸಾಕುವ ಮನೆತನ. ಅಪ್ಪ ನೂರಿಪ್ಪತ್ತು ಕುರಿ ಹೊಡೆದುಕೊಂಡು ಗುಡ್ಡದಿಂದ ಗುಡ್ಡಕ್ಕೆ ತಿರುಗಿದವರು. ಇವರೂ ಇಪ್ಪತ್ತೇಳರವರೆಗೆ ಅದನ್ನೇ ಮಾಡಿ, ಮೇವಿನ ಜಾಗಗಳಿಗೆಲ್ಲ ತಂತಿಬೇಲಿ ಬಂದ ಮೇಲೆ ಕನಕಪುರದ ಒಂದು ಟೈರ್ ಅಂಗಡಿ ಸೇರಿದರು. ಕುರಿ ಕೊಳ್ಳುವಾಗ ಮುಖ ನೋಡಬೇಡ, ಗೊರಸು ನೋಡು ಎಂದು ಅಪ್ಪ ಹೇಳುತ್ತಿದ್ದರಂತೆ. “ನಾನು ಈಗ್ಲೂ ಅದ್ನೇ ಮಾಡ್ತೀನಿ. ಗಾಡಿ ಯಾವ್ದು, ಬಣ್ಣ ಯಾವ್ದು ಅಂತ ನಂಗೆ ಗೊತ್ತಾಗಾಕಿಲ್ಲ. ಕಾಲು ನೋಡುದ್ರೆ ಓನರ್ ಎಂಥೋನು ಅಂತ ಗೊತ್ತಾಯ್ತದೆ” ಎನ್ನುತ್ತಾರೆ.

ದಿನಕ್ಕೆ ಹತ್ತು ಹನ್ನೆರಡು ಪಂಕ್ಚರು. ಟ್ರ್ಯಾಕ್ಟರ್ ಬಂದರೆ ಅರ್ಧ ದಿನ ಅದಕ್ಕೇ. ಇವುಗಳ ನಡುವೆ ವಾರಕ್ಕೆ ಮೂರೋ ನಾಲ್ಕೋ ಜೀಪು ಬರುತ್ತವೆ: ದೊಡ್ಡ ಟೈರು ಹಾಕಿ ಎಂದು. ಪೇಟೆಯವರು ಆಲ್ ಟೆರೇನ್ ಅನ್ನುತ್ತಾರೆ, ಊರವರು ಬಟನ್ ಟೈರು ಅನ್ನುತ್ತಾರೆ. ಕಲ್ಲು, ಕೆಸರು, ಮರಳು, ಡಾಂಬರು ಎಲ್ಲದರ ಮೇಲೂ ಓಡಬೇಕಾದ ದಪ್ಪ ಹಲ್ಲಿನ ಟೈರು. ಒಂದೊಂದೂ ಡಿಸ್ಕ್ ಸೇರಿ ಮೂವತ್ತು ಕೆಜಿಗೆ ಕಡಿಮೆ ಇಲ್ಲ. ಅದನ್ನು ಎತ್ತಿ, ಬೋಲ್ಟಿಗೆ ಕೂರಿಸಿ, ತಾಕಿದರೆ ಬಿಚ್ಚಿ, ಮತ್ತೆ ಎತ್ತಿ... ಸೊಂಟದ ಡಾಕ್ಟರು ಈ ಕೆಲಸ ಬಿಡಿ ಎಂದು ಹೇಳಿ ನಾಲ್ಕು ವರ್ಷವಾಗಿದೆ. “ಬುಟ್ಟು ಏನ್ ಮಾಡ್ಲಿ ಅಂದೆ. ಅದ್ಕೆ ಅವ್ರು ಮಾತ್ರೆ ಬರ್ಕೊಟ್ರು.”

ದೊಡ್ಡ ಟೈರಿನ ಹುಚ್ಚು ಈ ಸೀಮೆಗೆ ಬಂದು ಬಹಳ ವರ್ಷವೇನೂ ಆಗಿಲ್ಲ. ಶನಿವಾರ ಭಾನುವಾರ ರಾಮನಗರದ ಬಂಡೆ, ಮಾಗಡಿಯ ಗುಡ್ಡ ಹತ್ತಿಸಲು ಬರುವ ಗಾಡಿಗಳನ್ನು ನೋಡಿ ಊರ ಹುಡುಗರಿಗೂ ಆಸೆ ಹತ್ತಿತು. ಚನ್ನಪಟ್ಟಣದಿಂದ ಸಿದ್ಧಾರ್ಥ ಎಂಬ ಯುವಕ ಕಳೆದ ತಿಂಗಳು ಹೊಸ ಗಾಡಿ ತಂದು, ಮೂವತ್ಮೂರು ಇಂಚಿನದೇ ಬೇಕು ಎಂದು ಹಟ ಹಿಡಿದು ನಿಂತಿದ್ದ. ದಿನಾ ಓಡಾಡುವುದೆಲ್ಲಿ ಎಂದು ಪುಟ್ಟಲಿಂಗಯ್ಯ ಕೇಳಿದರು. ಆಫೀಸಿಗೆ ಅಂದ. ಗುಡ್ಡಕ್ಕೆ? ವರ್ಷಕ್ಕೆ ಎರಡು ಸಲ.

“ಎರಡು ದಿನದ ಜಾತ್ರೆಗೆ ಮುನ್ನೂರೈವತ್ತು ದಿನ ಯಾಕಪ್ಪ ಹೊರ್ತೀಯ ಅಂದೆ. ಟೈರ್ ದೊಡ್ಡದಾದ್ರೆ ಇಂಜಿನ್ ಎಳ್ಯಾಕಿಲ್ಲ, ಬ್ರೇಕು ಹಿಡಿಯಾಕಿಲ್ಲ, ಡೀಸೆಲ್ ಕುಡೀತದೆ, ಸ್ಪೀಡು ತೋರ್ಸೋ ಮುಳ್ಳೂ ಸುಳ್ಳು ಹೇಳ್ತದೆ. ಎತ್ತು ಏರಿಗೆ ಎಳುದ್ರೆ ಕೋಣ ನೀರಿಗೆ ಎಳೀತು ಅನ್ನಂಗೆ. ಕೇಳ್ಬೇಕಲ್ಲ? ಹೈವೇ ಮ್ಯಾಲಿರೋ ಗಾಜಿನ ಅಂಗಡಿಗೆ ಹೋದ. ಹೋಗ್ಲಿ.” ಆಮೇಲೆ ಸೇರಿಸುತ್ತಾರೆ: “ಬ್ಯಾಡ ಬ್ಯಾಡ ಅಂದು ಅಂದೂ ಬಾಯೇ ನೋಯ್ತದೆ ಕಣಪ್ಪ, ಸೊಂಟಕ್ಕಿಂತ ಜಾಸ್ತಿ.”

ಆದರೆ ತಿಮ್ಮೇಶನಿಗೆ ಬೇಡ ಎನ್ನುವ ಹಾಗಿಲ್ಲ. ಅವನದು ಶೋಕಿಯಲ್ಲ. ತೊರೆದೊಡ್ಡಿಗೆ ಬಸ್ಸಿಲ್ಲ, ಅವನ ಜೀಪೇ ಬಸ್ಸು. ಊರಿನಿಂದ ಡಾಂಬರು ರಸ್ತೆ ಸೇರುವ ಮುನ್ನ ಒಂದು ಹಳ್ಳ ದಾಟಬೇಕು. ಹಳ್ಳದ ನಡುವೆ, ಗಾಡಿಜಾಡಿನಲ್ಲೇ, ಆಮೆಕಲ್ಲು ಎಂಬ ಬಂಡೆ ಬೆನ್ನು ಮೇಲೆ ಮಾಡಿಕೊಂಡು ಮಲಗಿದೆ. ಬೇಸಗೆಯಲ್ಲಿ ಪಕ್ಕದ ಮರಳಿನಲ್ಲಿ ಹಾಯ್ದು ಹೋಗಬಹುದು. ಮಳೆ ಬಂದು ಮರಳು ಕೊಚ್ಚಿಹೋದರೆ ಬಂಡೆಯ ಮೇಲೆಯೇ ಹತ್ತಿಸಬೇಕು. ಆಗ ಜೀಪಿನ ಹೊಟ್ಟೆ ಬಂಡೆಗೆ ತಗುಲಿ ಗಾಡಿ ಅಲ್ಲೇ ಕೂರುತ್ತದೆ. ಹೋದ ಮಳೆಗಾಲದಲ್ಲಿ ಮೂರು ಸಲ ಹಾಗಾಯಿತು. ಮೂರು ಸಲವೂ ಚಿನ್ನಮ್ಮನನ್ನು ಕಂಬಳಿಯಲ್ಲಿ ಜೋಲಿ ಕಟ್ಟಿ ನಾಲ್ಕು ಜನ ಹೊತ್ತು ತಂದರು. ಎರಡು ಸಲ ಸರದಿ ತಪ್ಪಿತು. ಎರಡನೆಯ ಸಲ ಶ್ವಾಸಕೋಶಕ್ಕೆ ನೀರು ತುಂಬಿ, ಉಸಿರು ಎಳೆದುಕೊಳ್ಳಲಾಗದೆ, ಚಿನ್ನಮ್ಮ ಸಾವಿನ ಬಾಗಿಲು ತಟ್ಟಿ ಬಂದರು.

“ಇನ್ನೊಂದ್ಸಲ ಹಂಗಾದ್ರೆ ನಾನು ಉಳಿಯಾಕಿಲ್ಲ ಅಂತ ಡಾಕ್ಟರಮ್ಮನೇ ಅಂದ್ಬುಟ್ರು” ಎನ್ನುವ ಚಿನ್ನಮ್ಮನ ದನಿಯಲ್ಲಿ ಹೆದರಿಕೆಗಿಂತ ಸುಸ್ತೇ ಹೆಚ್ಚು. ಮೃಗಶಿರೆ ಮಳೆಗೆ ಇನ್ನು ಒಂಬತ್ತು ದಿನ. ಅಷ್ಟರೊಳಗೆ ಜೀಪಿನ ಹೊಟ್ಟೆ ಮೇಲೇಳಬೇಕು.

ಅದಕ್ಕೆ ಪುಟ್ಟಲಿಂಗಯ್ಯ ತಿಂಗಳ ಹಿಂದೆಯೇ ಹಳ್ಳಕ್ಕೆ ಹೋಗಿ, ನೀರಿಲ್ಲದ ಕಲ್ಲಿನ ಮೇಲೆ ಬೋರಲು ಮಲಗಿ, ಕುರಿ ಕಟ್ಟುವ ಹಗ್ಗದಲ್ಲಿ ಅಳತೆ ತಂದಿದ್ದರು. ಒಂದು ಇಂಚು ಎದ್ದರೆ ಸಾಕಿತ್ತು. ತಿಮ್ಮೇಶನಿಗೆ ಲೆಕ್ಕವನ್ನು ನೆಲದ ಮೇಲೆ ಗೆರೆ ಹಾಕಿ ತೋರಿಸಿದರು: ಟೈರು ಎರಡಿಂಚು ಎತ್ತರವಾದರೆ ಗಾಡಿ ಏಳುವುದು ಒಂದೇ ಇಂಚು. “ಅರ್ಧ ಅಚ್ಚಿನಿಂದ ಮ್ಯಾಲಕ್ಕೆ ಹೋಯ್ತದೆ, ಅರ್ಧ ಕೆಳಕ್ಕೆ. ಕೆಳಗಿನ ಅರ್ಧ ಗಾಡಿ ಎತ್ತೋದು. ಮ್ಯಾಲಿನ ಅರ್ಧ ಮಡ್‌ಗಾರ್ಡಿಗೆ ಗುದ್ದೋದು.” ಅಂದರೆ ಇಪ್ಪತ್ತೆಂಟರ ಜಾಗಕ್ಕೆ ಮೂವತ್ತು ಇಂಚಿನದು. ಎತ್ತರ ಬೇಕು, ಅಗಲ ಬೇಡ. ಗುಡ್ಡದ ಕುರಿಯ ಕಾಲು ನೋಡು, ತೆಳ್ಳಗೆ ಉದ್ದಕ್ಕೆ ಇಲ್ಲವೇ ಎಂದು ಒತ್ತಿ ಹೇಳಿದ್ದರು. ತೆಳುವಾದ ಐದು ಟೈರು ತರಿಸಿ ಅಂಗಡಿಯ ಮೂಲೆಯಲ್ಲಿ ಗೋಣಿ ಹೊದಿಸಿಟ್ಟಿದ್ದರು. ನಾಲ್ಕಲ್ಲ, ಐದು. ಸ್ಟೆಪ್ನಿಯೂ ಅದೇ ಅಳತೆಯದಿರಬೇಕು. “ನಾಲ್ಕು ಹಾಕುಸ್ಕೊಂಡು ಸ್ಟೆಪ್ನಿ ಹಳೇದೇ ಇಟ್ಕೊಳ್ಳೋರು ಕಾಡು ಮಧ್ಯ ಕುಂಟ್ತಾರೆ.”

ಆತುರಗಾರನಿಗೆ ಬುದ್ಧಿ ಮಟ್ಟ. ತಿಮ್ಮೇಶ ಈ ಬೆಳಗ್ಗೆ ಜೀಪಿನ ಹಿಂದೆ ಹೇರಿಕೊಂಡು ಬಂದದ್ದು ಬೇರೆಯದನ್ನೇ: ಯಾವುದೋ ರೆಸಾರ್ಟಿನವರು ಬಿಚ್ಚಿಹಾಕಿದ, ಹೊಸದರಂತಿರುವ, ಮೂವತ್ತೊಂದು ಇಂಚಿನ, ಹಲಗೆಯಷ್ಟು ಅಗಲದ ಟೈರುಗಳು. ದೊಡ್ಡದಾದಷ್ಟೂ ಒಳ್ಳೆಯದಲ್ಲವೇ ಎಂದು ಅವನ ವಾದ. ಹಾಕಿ ನೋಡಿಯೇ ಬಿಡೋಣ ಎಂದು ಪುಟ್ಟಲಿಂಗಯ್ಯ ಮುಂದಿನ ಎರಡು ಚಕ್ರಕ್ಕೆ ಹಾಕಿದ್ದರು. ಸುಣ್ಣ ಒರೆಸಿಹೋದದ್ದು ಆ ಟೈರಿಗೆ.

ಸರಿ, ಮತ್ತೆ ಜಾಕಿ. ಮತ್ತೆ ಎತ್ತಿ ಇಳಿಸುವುದು. ತಿಮ್ಮೇಶ ಕೈ ಜೋಡಿಸುತ್ತಾನೆ, ಮುಖ ಮಾತ್ರ ಗಂಟು. ಜೀಪಿನಿಂದ ಇಳಿದ ಹೆಣ್ಣುಮಕ್ಕಳು ಟೀ ಕುಡಿಯುತ್ತಾರೆ.

ಇಷ್ಟೆಲ್ಲ ಯಾಕೆ, ಜನರ ಬದಲು ಹತ್ತು ಮೂಟೆ ಮರಳು ಇಟ್ಟುಕೊಂಡರೆ ಆಗದೇ ಎಂದು ಕೇಳಿದರೆ ಪುಟ್ಟಲಿಂಗಯ್ಯ ಸ್ಪ್ಯಾನರ್ ಕೆಳಗಿಡುತ್ತಾರೆ. “ಮೂಟೆ ಇಟ್ಟ ಕಡೆ ಇರ್ತದೆ. ತಿರುವಲ್ಲಿ ಜನ ಒಂದೇ ಕಡೀಕೆ ವಾಲ್ತಾರೆ. ಪಕ್ಕದೋರ ಮ್ಯಾಲೆ ಬೀಳ್ತಾರೆ, ನಗ್ತಾರೆ, ಕಂಬಿ ಹಿಡ್ಕೊಂಡು ಜೋತ್ಕೋತಾರೆ. ಟೈರ್ ತಾಕೋದು ಆಗ್ಲೇ.” ಆಮೇಲೆ ತಲೆ ತಗ್ಗಿಸಿ ನಟ್ಟು ಬಿಗಿಯುತ್ತಾ ಹೇಳಿದ್ದು: “ಇದು ನಂಗೆ ಯಾರೂ ಹೇಳ್ಕೊಟ್ಟಿದ್ದಲ್ಲ. ನನ್ನ ಹೆಂಡ್ರ ಕಾಲು ಹೇಳ್ಕೊಟ್ಟಿದ್ದು.”

ಹನ್ನೊಂದು ವರ್ಷದ ಹಿಂದಿನ ಮಾತು. ಚಿಕ್ಕಪ್ಪನ ಮಗ ಬೀರೇಶ ಹಳೆಯ ಜೀಪು ಕೊಂಡಿದ್ದ. ತಮ್ಮನ ಗಾಡಿ ಎಂದು ಪುಟ್ಟಲಿಂಗಯ್ಯ ಹುರುಪಿನಿಂದ ತಾವೇ ದೊಡ್ಡ ಟೈರು ಹುಡುಕಿ ತಂದು ಹಾಕಿದರು. ಎಲ್ಲ ಶಾಸ್ತ್ರವೂ ಆಯಿತು. ಅರಿಶಿನ ಕುಂಕುಮ, ಕರ್ಪೂರ, ನಾಲ್ಕೂ ಚಕ್ರದಡಿ ನಿಂಬೆಹಣ್ಣು. ಖಾಲಿ ಗಾಡಿಯಲ್ಲಿ ಅಣ್ಣತಮ್ಮ ಇಬ್ಬರೇ ಎರಡು ಸುತ್ತು ಹೊಡೆದರು. ಬೆಣ್ಣೆಯಂತೆ ಓಡಿತು. ಮರುದಿನ ಕಲ್ಯ ಎಂಬ ಊರಿನಲ್ಲಿ ನೆಂಟರ ಮನೆಯ ನಿಶ್ಚಿತಾರ್ಥ. ಹದಿನಾಲ್ಕು ಜನ, ಎರಡು ಬುಟ್ಟಿ ಎಲೆ ಬಾಳೆಹಣ್ಣು. ಮಾಗಡಿ ದಾಟಿದ ಮೇಲೆ ಒಂದು ಇಳಿಜಾರಿನಲ್ಲಿ ಸುಟ್ಟ ವಾಸನೆ ಬಂತು. ಯಾರೋ ಹೊಲದಲ್ಲಿ ಕಸ ಸುಡುತ್ತಿರಬೇಕೆಂದು ಮಾತಾಡಿಕೊಂಡರು. ಸುಡುತ್ತಿದ್ದದ್ದು ಟೈರು. ಭಾರಕ್ಕೆ ಕುಸಿದ ಗಾಡಿಯ ತಗಡು, ತಿರುವು ತಿರುವಿನಲ್ಲೂ ಅದನ್ನು ಕೊಯ್ಯುತ್ತಾ ಬಂದಿತ್ತು. ಟೈರು ಸಿಡಿದು ಜೀಪು ಲಂಟಾನದ ಪೊದೆಗೆ ಮಗುಚಿತು. ದೇವರು ದೊಡ್ಡವನು, ಜೀವ ಯಾರದ್ದೂ ಹೋಗಲಿಲ್ಲ. ಎಡಬದಿಗೆ ಕೂತಿದ್ದ ಪುಟ್ಟಲಿಂಗಯ್ಯನವರ ಹೆಂಡತಿ ದಾಸಮ್ಮನ ಕಾಲು ಎರಡು ಕಡೆ ಮುರಿಯಿತು. ಕೂಡಿಕೊಂಡಾಗ ಒಂದಿಂಚು ಗಿಡ್ಡವಾಗಿತ್ತು.

“ನಿಂಬೆಹಣ್ಣು ಮರೀಲಿಲ್ಲ ನಾನು. ಜನ ಕೂರ್ಸಿ ನೋಡಾದ್ ಮರ್ತ್ಬುಟ್ಟೆ” ಎನ್ನುತ್ತಾರೆ ಪುಟ್ಟಲಿಂಗಯ್ಯ. ಈ ಮಾತನ್ನು ಎಷ್ಟು ಸಲ ಹೇಳಿಕೊಂಡಿದ್ದಾರೋ, ಸವೆದ ಹಾಗೆ ಕೇಳಿಸುತ್ತದೆ.

ದಾಸಮ್ಮ ಗಂಡನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಎಂದು ಪುಟ್ಟಲಿಂಗಯ್ಯನವರಿಗೆ ಇವತ್ತಿಗೂ ಅನಿಸುತ್ತದೆ. ಆಕೆ ಮಾಡಿದ್ದು ಇಷ್ಟೇ: ಗಂಡ ಟೈರು ಹಾಕಿದ ಗಾಡಿಯನ್ನು ಅಂದಿನಿಂದ ಹತ್ತಿಲ್ಲ. ತವರಿಗೆ ಹೋದರೆ ಸರ್ಕಾರಿ ಬಸ್ಸು. ಬಸ್ಸು ತಪ್ಪಿದರೆ ನಡಿಗೆ. ಗಂಡನ ಅಂಗಡಿಗೂ ಮುಕ್ಕಾಲು ಮೈಲಿ ಕುಂಟುತ್ತಲೇ ಬುತ್ತಿ ತರುತ್ತಾರೆ. ಹಾದಿಯಲ್ಲಿ ಎಷ್ಟು ಗಾಡಿ ನಿಲ್ಲಿಸಿ ಕರೆದರೂ ‘ನೀವ್ ನಡೀರಪ್ಪ’ ಎನ್ನುತ್ತಾರೆ. ಈ ರಸ್ತೆಯ ಅರ್ಧ ಗಾಡಿಗಳ ಟೈರು ಪುಟ್ಟಲಿಂಗಯ್ಯನವರೇ ಹಾಕಿದ್ದು.

ಏಳಕ್ಕೆ ಹತ್ತು ನಿಮಿಷವಿರುವಾಗ ಫ್ಯಾಕ್ಟರಿ ಬಸ್ಸು ಬಂದುಬಿಡುತ್ತದೆ. ಹೆಣ್ಣುಮಕ್ಕಳೆಲ್ಲ ಗ್ಲಾಸು ಇಟ್ಟು ಓಡುತ್ತಾರೆ. ತೆಳುವಾದ ಟೈರುಗಳು ನಾಲ್ಕೂ ಚಕ್ರಕ್ಕೆ ಏರಿ, ಐದನೆಯದು ಹಿಂದೆ ತೂಗುಹಾಕಿಕೊಂಡು, ಹೊಸದಾಗಿ ಸುಣ್ಣ ಬಳಿಯುವ ಹೊತ್ತಿಗೆ ಏಳು ಕಾಲು. ಬಸ್ ಸ್ಟಾಪು ಖಾಲಿ.

“ಸಾಕು ಬುಡಣ್ಣ. ಈ ಟೈರ್ ಸಣ್ಣಕೈತೆ, ಕಣ್ಣಿಗೇ ಕಾಣ್ತದೆ ತಾಕಾಕಿಲ್ಲ ಅಂತ” ಎಂದು ತಿಮ್ಮೇಶ ಸ್ಟಾರ್ಟ್ ಮಾಡುತ್ತಾನೆ.

“ಕೀ ತೆಗೀಲಾ.”

“ಚಿನ್ನಮ್ಮತ್ತೆಗೆ ಹೊತ್ತಾಯ್ತದೆ!”

“ಗೊತ್ತು. ಕೀ ತೆಗಿ.”

ಬಾಬಾಜಾನ್ ಒಲೆ ಸಣ್ಣ ಮಾಡಿ ತಾವೇ ಬಂದು ಹತ್ತುತ್ತಾರೆ. ಟೀ ಕುಡಿಯುತ್ತಿದ್ದ ಇಬ್ಬರು ಹಾಲಿನವರು ಹತ್ತುತ್ತಾರೆ. ರೇಷ್ಮೆಗೂಡಿನ ಚೀಲ ಹೊತ್ತು ರಾಮನಗರದ ಬಸ್ಸಿಗೆ ಬಂದ ದಂಪತಿ, ಏನು ಎತ್ತ ಎಂದು ಕೇಳುವುದರೊಳಗೆ ಒಳಗಿರುತ್ತಾರೆ. ನರೇಗಾ ಕೆಲಸಕ್ಕೆ ಹೊರಟಿದ್ದ ನಾಲ್ವರು ಗುದ್ದಲಿ ಕೆಳಗಿಟ್ಟು ಬರುತ್ತಾರೆ. ತಿಮ್ಮೇಶ, ಚಿನ್ನಮ್ಮ ಸೇರಿ ಹನ್ನೊಂದು. ಹಿಂದಿನ ಎಡ ಮೂಲೆ, ಚಕ್ರದ ನೇರ ಮೇಲಿನ ಸೀಟು, ಖಾಲಿ ಉಳಿದಿದೆ.

“ಒಬ್ರು ಕಮ್ಮಿ ಆದ್ರೆ ಏನ್ ಪ್ರಳಯ ಆಯ್ತದೆ?” ಎನ್ನುತ್ತಾನೆ ತಿಮ್ಮೇಶ. ಪುಟ್ಟಲಿಂಗಯ್ಯ ರಸ್ತೆಯ ಆ ಕಡೆ ಈ ಕಡೆ ನೋಡುತ್ತಾರೆ. ಚಿನ್ನಮ್ಮ ಕಣ್ಣು ಮುಚ್ಚಿ ಸೀಟಿಗೆ ಒರಗಿದ್ದಾರೆ.

ರಸ್ತೆಯ ತಿರುವಿನಲ್ಲಿ ಬುತ್ತಿ ಹಿಡಿದು ಕುಂಟುತ್ತಾ ಬರುತ್ತಿರುವವರು ದಾಸಮ್ಮ.

ಎಲ್ಲರೂ ಅತ್ತಲೇ ನೋಡುತ್ತಾರೆ. ದಾಸಮ್ಮ ಹತ್ತಿರ ಬಂದು ಜೀಪನ್ನು ನೋಡುತ್ತಾರೆ, ಖಾಲಿ ಸೀಟನ್ನು ನೋಡುತ್ತಾರೆ, ಚಿನ್ನಮ್ಮನ ಊದಿದ ಕಾಲನ್ನು ನೋಡುತ್ತಾರೆ. “ಎಷ್ಟು ಗಂಟೆಗವ್ವಾ ನಿಂಗೆ?” ಎನ್ನುತ್ತಾರೆ.

“ಎಂಟೂವರೆಗೆ ಕಣಕ್ಕ” ಎನ್ನುತ್ತಾರೆ ಚಿನ್ನಮ್ಮ, ಕಣ್ಣು ತೆರೆಯದೆ.

ದಾಸಮ್ಮ ಬುತ್ತಿಯನ್ನು ಕಲ್ಲಿನ ಮೇಲಿಟ್ಟು ಸೆರಗು ಸಿಕ್ಕಿಸುತ್ತಾರೆ.

“ಬ್ಯಾಡ ಕಣಮ್ಮಿ. ಇನ್ನೊಬ್ರು ಯಾರಾದ್ರೂ ಬತ್ತಾರೆ” ಎಂದು ಪುಟ್ಟಲಿಂಗಯ್ಯ ಅಡ್ಡ ಬರುತ್ತಾರೆ.

“ಬರಗಂಟ ಈ ಯಮ್ಮ ಇರ್ಬೇಕಲ್ಲ” ಎಂದು ದಾಸಮ್ಮ ಕಂಬಿ ಹಿಡಿದು, ಗಿಡ್ಡ ಕಾಲನ್ನು ಮೊದಲು ಎತ್ತಿಟ್ಟು, ಹತ್ತಿ ಕೂರುತ್ತಾರೆ. “ನೋಡ್ತಾ ನಿಂತ್ಕಂಡ್ಯಲ್ಲ. ಮಲ್ಕೊಂಡು ನೋಡಯ್ಯ ಕೆಳಗೆ.”

ಪುಟ್ಟಲಿಂಗಯ್ಯ ನೆಲಕ್ಕೆ ಒರಗುತ್ತಾರೆ. ಟಾರ್ಚು ಬಿಡುತ್ತಾರೆ. ಎಡಕ್ಕೆ ಪೂರ್ತಿ. ಬಲಕ್ಕೆ ಪೂರ್ತಿ. ಒಂದು ಚಕ್ರವನ್ನು ಅಂಗಡಿಯ ಮೆಟ್ಟಿಲಿಗೆ ಹತ್ತಿಸಿ ಮತ್ತೊಮ್ಮೆ. “ವಾಲ್ರಪ್ಪಾ ಎಲ್ಲಾ!” ಎಂದರೆ ಹನ್ನೆರಡು ಜನ ಒಟ್ಟಿಗೆ ಎಡಕ್ಕೆ ವಾಲುತ್ತಾರೆ. ಮುಂದಿನ ಎರಡು ಚಕ್ರ ನೋಡಿದ್ದಾಯಿತು. ಹಿಂದಿನ ಬಲ ನೋಡಿದ್ದಾಯಿತು. ಹಿಂದಿನ ಎಡಕ್ಕೆ ಬಂದವರು ಅಲ್ಲೇ ಉಳಿದುಬಿಡುತ್ತಾರೆ. ಏಳುವುದೇ ಇಲ್ಲ.

ದಾಸಮ್ಮನೇ ಇಳಿಯುತ್ತಾರೆ. ಗಂಡನ ಪಕ್ಕ ಕಷ್ಟಪಟ್ಟು ಕುಕ್ಕರಿಸಿ, ಮಡ್‌ಗಾರ್ಡಿನೊಳಗೆ ಕೈ ತೂರಿಸಿ, ಸುಣ್ಣದ ಗೆರೆಯನ್ನು ಈ ತುದಿಯಿಂದ ಆ ತುದಿಗೆ ಬೆರಳಿನಿಂದ ತಡವುತ್ತಾರೆ. ಸುಣ್ಣ ಮೆತ್ತಿದ ಬೆರಳನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿಯುತ್ತಾರೆ.

“ಹಂಗೇ ಐತೆ” ಎನ್ನುತ್ತಾರೆ.

ಹತ್ತಿದವರೆಲ್ಲ ಇಳಿದು ತಮ್ಮ ತಮ್ಮ ಕೆಲಸಕ್ಕೆ ಹೊರಡುತ್ತಾರೆ. ಹೋಗುವಾಗ ಸಿಗುವ ಪ್ರಯಾಣಿಕರು ಹಾದಿಯಲ್ಲಿ ಕಾಯುತ್ತಿರುತ್ತಾರೆ ಎಂದು ತಿಮ್ಮೇಶ ಗಡಿಬಿಡಿಯಲ್ಲಿದ್ದಾನೆ. ಟೈರಿನಡಿ ನಿಂಬೆಹಣ್ಣು ಇಡುವುದನ್ನು ಮಾತ್ರ ಮರೆಯುವುದಿಲ್ಲ. ಜೀಪು ಹೊರಡುವಾಗ ದಾಸಮ್ಮ ಕೆಳಗಿಲ್ಲ. ಮತ್ತೆ ಹತ್ತಿ, ಈ ಸಲ ಚಿನ್ನಮ್ಮನ ಪಕ್ಕದಲ್ಲೇ ಕೂತಿದ್ದಾರೆ. “ಒಬ್ಳೇ ಹೋಯ್ತಾ ಅವ್ಳೆ. ಜತೀಲಿದ್ದು ಸಂಜೀಕೆ ಬತ್ತೀನಿ. ಮುದ್ದೆ ಆರೋಯ್ತದೆ, ಉಣ್ಣು” ಎನ್ನುತ್ತಾರೆ ಗಂಡನಿಗೆ. ನಿಂಬೆಹಣ್ಣು ಪಚ್ಚನೆ ಒಡೆಯುತ್ತವೆ. ಎಂಟಕ್ಕೆ ಇಪ್ಪತ್ತೈದು ನಿಮಿಷವಿದೆ. ಸರದಿ ಸಿಗುತ್ತದೆ.

ಪುಟ್ಟಲಿಂಗಯ್ಯ ಉಣ್ಣುವುದಿಲ್ಲ. ಜೀಪು ತಿರುವಿನಲ್ಲಿ ಮರೆಯಾದ ಮೇಲೂ ರಸ್ತೆಯ ನಡುವೆ ಮೂಗು ಮೇಲೆ ಮಾಡಿಕೊಂಡು ನಿಂತೇ ಇದ್ದಾರೆ. ಇನ್ನೆಷ್ಟು ವರ್ಷ ಈ ಕೆಲಸ ಎಂದು ಕೇಳಿದರೆ, “ಮಂಡಿ ಹೇಳ್ಬೇಕು” ಎಂದು ಚುಟುಕಾಗಿ ಮುಗಿಸುತ್ತಾರೆ.

“ಏನ್ ಪುಟ್ಲಿಂಗಣ್ಣ, ಲಾರಿ ಬತ್ತದೆ, ಸರ್ಕೋ! ಏನ್ ನೋಡ್ತಾ ನಿಂತೆ?” ಎಂದು ಬಾಬಾಜಾನ್ ಕೂಗುತ್ತಾರೆ.

“ನೋಡ್ತಿಲ್ಲ ಕಣಪ್ಪ” ಎನ್ನುತ್ತಾರೆ ಪುಟ್ಟಲಿಂಗಯ್ಯ. “ರಬ್ಬರ್ ಸುಟ್ಟ ವಾಸ್ನೆ ಬತ್ತದೇನೋ ಅಂತ. ಇಲ್ಲ. ಬರೀ ನಿನ್ನ ಟೀದು.”